ಚಂದ್ರನ ಮೇಲೊಂದು ಆಟೋ

1969ರ ಚಂದ್ರನ ಫೋಟೋದಲ್ಲಿ ಬಝ್ ಆಲ್ಡ್ರಿನ್ ನಿಂತಿದ್ದಾನೆ. ಕ್ಲಿಕ್ಕಿಸಿದ ಆರ್ಮ್‌ಸ್ಟ್ರಾಂಗ್ ಅವನ ಹೆಲ್ಮೆಟ್ ಗಾಜಿನಲ್ಲಿ ಪುಟ್ಟದಾಗಿ ಕಾಣ್ತಾನೆ. ಸುತ್ತ ಮತ್ಯಾರೂ ಇಲ್ಲ. ಆ ಒಂಟಿತನವೇ ಚಿತ್ರದ ಘನತೆ.

2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಇಳಿಯೋದನ್ನು ಎಲ್ಲರೂ ಕಾಯ್ತಿದ್ದಾಗ, ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಗುಂಡಿ ರಸ್ತೆಯಲ್ಲಿ ಗಗನಯಾತ್ರಿಯನ್ನು ನಡೆಸಿದರು. ಅವರ ವಿಡಿಯೋ ಒಡೆಯೋದು ಈ ಒಂಟಿತನವನ್ನೇ. ಚಂದ್ರ ಅಂತ ನಂಬಿ ನೋಡ್ತಿರುವಾಗಲೇ ಪಕ್ಕದಲ್ಲಿ ಆಟೋ ಹಾದುಹೋಗುತ್ತೆ! ಆ ಆಟೋ ಇಲ್ಲದಿದ್ದರೆ ಅದು ಬರೀ ವೇಷ. ಇರೋದರಿಂದ ಅದು ಟೀಕೆ.

ಬಿಬಿಎಂಪಿ ಕೂಡಲೇ ಆ ಗುಂಡಿಗಳನ್ನು ಮುಚ್ಚಿಸಿತು. ಅಣಕ ಗೆದ್ದಿತೇ? ಆ ರಸ್ತೆಯ ಮಟ್ಟಿಗೆ ಹೌದು. ಆದರೆ ವೈರಲ್ ಆದ ರಸ್ತೆಗಷ್ಟೇ ಟಾರು ಸಿಗೋದಾದರೆ, ಕ್ಯಾಮೆರಾ ಬಾರದ ರಸ್ತೆಗಳ ಗತಿ? ಆಗಿನ ಬಿಬಿಎಂಪಿ ಗಡಿಯಾಚೆಗಿದ್ದ ಚಂದಾಪುರದಲ್ಲಿ ಕೂತು ನೋಡಿದರೆ, ನಗುವಿನ ಹಿಂದೆಯೇ ಈ ಪ್ರಶ್ನೆಯೂ ಬರುತ್ತೆ.