ಸೈಕಲ್ ಒರೆಸುವ ಕೈಗಳ ಸಿನಿಮಾ

ಯೂಟ್ಯೂಬಿನಲ್ಲಿ ಸೈಕ್ಲಿಂಗ್ ಅಂತ ಹುಡುಕಿದರೆ ಸಿಗುವ ವಿಡಿಯೊಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಮಂಜು ಕವಿದ ಕಾಡು, ನಡುವೆ ನುಣ್ಣನೆ ಡಾಂಬರು ರಸ್ತೆ. ಡ್ರೋನ್ ಮೇಲೇರುತ್ತದೆ, ಪಕ್ಕದಲ್ಲೊಂದು ಹೊಳೆ ಕಾಣುತ್ತದೆ, ದೂರದಲ್ಲಿ ಹಳೇ ಕೋಟೆಯೋ ಗೋಪುರವೋ. ಹಿನ್ನೆಲೆಯಲ್ಲಿ ಪಿಯಾನೊ. ಸವಾರ ಬೆವರುವುದಿಲ್ಲ, ಏದುಸಿರು ಬಿಡುವುದಿಲ್ಲ. ರಸ್ತೆಯಲ್ಲಿ ಎಮ್ಮೆ ಇಲ್ಲ, ಸಗಣಿ ಇಲ್ಲ, ಶಾಲೆಗೆ ಹೋಗೋ ಮಕ್ಕಳಿಲ್ಲ. ನೋಡೋಕೆ ಚೆನ್ನಾಗೇ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದರೆ ಹತ್ತು ವಿಡಿಯೊ ನೋಡಿದ ಮೇಲೆ ಒಂದು ಅನುಮಾನ ಶುರುವಾಗುತ್ತೆ. ಇವು ಸೈಕಲ್ ತುಳಿಯೋದರ ಬಗ್ಗೆ ಇವೆಯಾ, ತುಳಿಯದೇ ಇರೋದರ ಬಗ್ಗೆ ಇವೆಯಾ?

ಈ ಅನುಮಾನ ಇರುವವರು ನೋಡಲೇಬೇಕಾದ ಒಂದು ಹಳೇ ಸಾಕ್ಷ್ಯಚಿತ್ರ ಇದೆ. ಡೆನ್ಮಾರ್ಕಿನ ಯೋರ್ಗನ್ ಲೆತ್ ಮಾಡಿದ ‘ಎ ಸಂಡೇ ಇನ್ ಹೆಲ್’. ಲೆತ್ ಸಿನಿಮಾ ನಿರ್ದೇಶಕ ಮಾತ್ರ ಅಲ್ಲ, ಕವಿ ಕೂಡ. 1976ರ ಏಪ್ರಿಲ್ 11, ಭಾನುವಾರ ನಡೆದ ಪ್ಯಾರಿಸ್–ರೂಬೇ ಸೈಕಲ್ ರೇಸೇ ಇದರ ವಸ್ತು. ಬೆಳಗ್ಗೆ ಶುರು, ಸಂಜೆಗೆ ಮುಗಿತು. ಇಷ್ಟೇ ಕಥೆ.

ರೇಸಿನ ಹೆಸರಲ್ಲಿ ಪ್ಯಾರಿಸ್ ಇದೆಯೇ ಹೊರತು ಆ ವರ್ಷ ಅದು ಹೊರಟಿದ್ದು ಪ್ಯಾರಿಸ್‌ನಿಂದ ಐವತ್ತು ಕಿಲೋಮೀಟರ್ ಉತ್ತರಕ್ಕಿರುವ ಶಾಂಟಿಯಿ ಅನ್ನೋ ಊರಿಂದ. ಅರಮನೆ, ಕುದುರೆ ಲಾಯ, ಸುತ್ತ ದೊಡ್ಡ ಕಾಡು ಇರುವ ಊರು. 1977ರಿಂದ ಈಚೆಗೆ ರೇಸು ಹೊರಡುವುದು ವಾಜ್ ನದಿ ದಂಡೆಯ ಕೊಂಪಿಯೆನ್‌ನಿಂದ. ಜೋನ್ ಆಫ್ ಆರ್ಕ್ 1430ರಲ್ಲಿ ಸೆರೆ ಸಿಕ್ಕಿದ್ದು ಅಲ್ಲಿ. ಮೊದಲ ಮಹಾಯುದ್ಧ ನಿಲ್ಲಿಸುವ ಒಪ್ಪಂದಕ್ಕೆ 1918ರಲ್ಲಿ ಸಹಿ ಬಿದ್ದಿದ್ದು ಅದೇ ಊರಿನ ಕಾಡಿನಲ್ಲಿ. ಅಂದರೆ ಕಾಡು, ನದಿ, ಇತಿಹಾಸ ಮೂರೂ ಕೈಗೆ ಸಿಗುವ ಜಾಗ. ಡ್ರೋನ್ ಇಟ್ಟುಕೊಂಡವರಿಗೆ ಹಬ್ಬ. ಲೆತ್ ಹತ್ರಾನೂ ಹೆಲಿಕಾಪ್ಟರ್ ಇತ್ತು, ಜೊತೆಗೆ ಇಪ್ಪತ್ತರಷ್ಟು ಕ್ಯಾಮೆರಾ. ಆದರೂ ಸಿನಿಮಾ ಶುರುವಾಗೋದು ಕಾಡಿನಿಂದಲೂ ಅಲ್ಲ, ಅರಮನೆಯಿಂದಲೂ ಅಲ್ಲ.

ಒಬ್ಬ ಮೆಕ್ಯಾನಿಕ್ ಸೈಕಲ್ ಒರೆಸುತ್ತಿದ್ದಾನೆ. ಅಲ್ಲಿಂದ ಶುರು. ಚೈನು, ಹಲ್ಲಿನ ಚಕ್ರ, ಬ್ರೇಕು, ಎಲ್ಲಾ ತೀರಾ ಹತ್ತಿರದಿಂದ. ಅವಸರ ಇಲ್ಲ. ನಮ್ಮೂರಲ್ಲಿ ಆಯುಧಪೂಜೆ ದಿನ ನಮ್ಮಪ್ಪ ಅಟ್ಲಾಸ್ ಸೈಕಲನ್ನ ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದು ಕಡ್ಡಿಯನ್ನೂ ಬಿಡದೆ ಒರೆಸುತ್ತಿದ್ದರು. ಅದನ್ನ ನೋಡುತ್ತಾ ಬೆಳೆದವರಿಗೆ ಈ ದೃಶ್ಯ ಯಾಕೆ ಇಷ್ಟು ಹೊತ್ತು ಇದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಉಳಿದವರು ಸ್ವಲ್ಪ ತಾಳ್ಮೆ ತಂದುಕೊಳ್ಳಿ. ಸಿನಿಮಾ ಏನು ನೋಡೋಕೆ ಹೊರಟಿದೆ ಅನ್ನೋದು ಇಲ್ಲೇ ಗೊತ್ತಾಗಿಬಿಡುತ್ತೆ: ಕೆಲಸ.

ಮುಂದೆ ಬರುವುದೆಲ್ಲ ಕೆಲಸವೇ. ಮೈ ತಿಕ್ಕುವವರು, ತಂಡದ ಕಾರು ಓಡಿಸುವವರು, ಬೆಳಗಿನ ತಿಂಡಿಗೆ ಕೂತ ಸವಾರರು. ಆ ಕಾಲದ ದೊಡ್ಡ ಹೆಸರು ಎಡ್ಡಿ ಮೆರ್ಕ್ಸ್ ಹೊರಡುವ ಮುಂಚೆ ತನ್ನ ಸೈಕಲನ್ನ ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಾನೆ. ಎಷ್ಟು ಗೆದ್ದರೂ ನಟ್ಟು ಬೋಲ್ಟಿನ ಮೇಲೆ ಅವನಿಗೆ ನಂಬಿಕೆ ಬಂದಿಲ್ಲ. ಪ್ರೊಡಕ್ಷನ್‌ಗೆ ಹಾಕುವ ಹಿಂದಿನ ರಾತ್ರಿ ಕಾನ್ಫಿಗ್ ಫೈಲನ್ನ ಐದನೇ ಸಲ ತೆರೆದು ನೋಡುವವರಿಗೆ ಆ ಮುಖ ಪರಿಚಯದ್ದೇ.

ರೇಸು ಹೊರಟ ಮೇಲೆ ಇನ್ನೊಂದು ಘಟನೆ. ‘ಲ ಪಾರಿಸಿಯಾಂ ಲಿಬೇರೆ’ ಪತ್ರಿಕೆಯ ಮುದ್ರಣ ಕಾರ್ಮಿಕರು ಅಡ್ಡ ಬಂದು ರೇಸನ್ನೇ ತಡೆಯುತ್ತಾರೆ. ಆಗ ಅವರಿಗೂ ಮಾಲೀಕರಿಗೂ ದೊಡ್ಡ ಜಗಳ ನಡೀತಿತ್ತು. ಅದೇ ಮಾಲೀಕರದ್ದು ‘ಲೆಕಿಪ್’ ಅನ್ನೋ ಕ್ರೀಡಾ ಪತ್ರಿಕೆ, ಈ ರೇಸಿನ ಹಿಂದೆ ಇದ್ದದ್ದು ಅದೇ ಪತ್ರಿಕೆ. ಬೇರೆ ಯಾರಾದರೂ ಆಗಿದ್ದರೆ ಇದನ್ನ ‘ಅಡಚಣೆ’ ಅಂತ ಎಡಿಟಿಂಗ್‌ನಲ್ಲಿ ಕತ್ತರಿಸುತ್ತಿದ್ದರು. ಲೆತ್ ಉಳಿಸಿಕೊಂಡಿದ್ದಾರೆ. ಸೈಕಲ್ ತುಳಿದು ಸಂಬಳ ತಗೊಳ್ಳೋರು, ಅಚ್ಚು ಹಾಕಿ ಸಂಬಳ ತಗೊಳ್ಳೋರು, ಇಬ್ಬರೂ ಒಂದೇ ರಸ್ತೆಯಲ್ಲಿ ಎದುರುಬದುರು. ಯಾರ ಪರವಾಗಿಯೂ ಭಾಷಣ ಇಲ್ಲ. ಈ ಸಿನಿಮಾದ ಅತ್ಯುತ್ತಮ ಭಾಗ ನನ್ನ ಲೆಕ್ಕದಲ್ಲಿ ಇದೇ.

ಆಮೇಲೆ ಕಲ್ಲು ಹಾಸಿದ ಹೊಲದ ದಾರಿಗಳು. ಫ್ರಾನ್ಸಿನ ಉತ್ತರ ಭಾಗದಲ್ಲಿ ಗಾಡಿಗಳು ಕೆಸರಲ್ಲಿ ಹೂತುಹೋಗದೆ ಇರಲಿ ಅಂತ ಹಾಸಿದ ಕಲ್ಲುಗಳು. ಆ ದಿನ ಮಳೆ ಇಲ್ಲ, ಧೂಳೇ ಧೂಳು. ಕಾರು, ಬೈಕು, ಸೈಕಲ್ ಎಲ್ಲಾ ಧೂಳಿನೊಳಗೆ ನುಗ್ಗಿ ಹೊರಬರುತ್ತವೆ. ಗೆಲ್ಲಬಹುದು ಅಂತ ಎಲ್ಲರ ಕಣ್ಣಿದ್ದ ಫ್ರೆಡ್ಡಿ ಮಾರ್ಟೆನ್ಸ್ ಬಿದ್ದು ಹೊರಗಾಗುತ್ತಾನೆ. ಅವನ ತಂಡದ ಮಾರ್ಕ್ ಡಿಮೇಯರ್ ಉಳಿಯುತ್ತಾನೆ. ನಾಯಕನಿಗೆ ನೆರವಾಗುವುದೇ ಅಲ್ಲಿಯವರೆಗೆ ಡಿಮೇಯರ್‌ನ ಮುಖ್ಯ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಪೋರ್ಟ್ ಎಂಜಿನಿಯರ್. ರೂಬೇಯ ವೆಲೊಡ್ರೋಮಿಗೆ ನಾಲ್ಕು ಜನ ಒಟ್ಟಿಗೆ ಬರುತ್ತಾರೆ. ಅದರಲ್ಲಿ ಇದೇ ರೇಸನ್ನ ಆಗಲೇ ಮೂರು ಸಲ ಗೆದ್ದ ರೋಜರ್ ಡಿ ವ್ಲಾಮಿಂಕ್ ಇದ್ದಾನೆ, ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಇದ್ದಾನೆ. ಗೆಲ್ಲುವುದು ಡಿಮೇಯರ್! ಕ್ಯಾಮೆರಾ ದಿನವಿಡೀ ಹಿಂಬಾಲಿಸಿದ ಹೀರೋಗಳು ಪಕ್ಕಕ್ಕೆ ಸರಿದರು. ಇದನ್ನ ಯಾರೂ ಬರೆದ ಚಿತ್ರಕಥೆಯಲ್ಲ, ಆದರೆ ಕೆಲಸದವರನ್ನೇ ನೋಡುತ್ತಾ ಬಂದ ಸಿನಿಮಾಕ್ಕೆ ಇದಕ್ಕಿಂತ ಒಪ್ಪುವ ಫಲಿತಾಂಶ ಇನ್ನೊಂದಿಲ್ಲ. ಡಿಮೇಯರ್ 1982ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಅದು ಗೊತ್ತಿದ್ದು ನೋಡಿದರೆ ಗೆದ್ದ ಆ ಮುಖ ಬೇರೆ ಥರ ಕಾಣುತ್ತೆ.

ಕೊನೆಯಲ್ಲಿ ಎಲ್ಲರೂ ಸ್ನಾನದ ಮನೆಯಲ್ಲಿ. ಗೆದ್ದವರು, ಸೋತವರು ಅಂತಿಲ್ಲದೆ ಧೂಳು ಮೆತ್ತಿದ ಮುಖಗಳು. ಗದ್ದೆ ಕೆಲಸ ಮುಗಿಸಿ ಸಂಜೆ ತೊಟ್ಟಿ ಹತ್ರ ಕೈಕಾಲು ತೊಳೆಯುವವರ ಹಾಗೆಯೇ ಸುಮ್ಮನೆ ತೊಳೆದುಕೊಳ್ಳುತ್ತಾರೆ.

ಇಷ್ಟೆಲ್ಲಾ ಹೊಗಳಿದ ಮೇಲೂ ನನಗೆ ಎರಡು ತಕರಾರಿವೆ.

ಒಂದು, ಆ ‘ನರಕ’. ಈ ರೇಸಿಗೆ ‘ಉತ್ತರದ ನರಕ’ ಅನ್ನೋ ಹೆಸರು ಬಂದದ್ದು ಕಲ್ಲಿನ ದಾರಿಯಿಂದಲ್ಲ. ಯುದ್ಧ ಮುಗಿದ ಮೇಲೆ, 1919ರಲ್ಲಿ, ರೇಸು ಮತ್ತೆ ನಡೆಸಬಹುದಾ ಅಂತ ದಾರಿ ನೋಡೋಕೆ ಹೋದವರಿಗೆ ಕಂಡಿದ್ದು ಸುಟ್ಟ ಮರ, ಬಾಂಬಿನ ಹೊಂಡ, ನೆಲಸಮವಾದ ಊರುಗಳು. ಅದನ್ನ ನೋಡಿ ಬರೆದ ಪದ ಅದು. ಜನ ಸತ್ತ ಜಾಗಕ್ಕೆ ಇಟ್ಟ ಹೆಸರು ಈಗ ಸವಾರರ ಕಷ್ಟಕ್ಕೆ ಸಿಕ್ಕ ಬಿರುದಾಗಿದೆ. ಸಿನಿಮಾ ಅದಕ್ಕೆ ಗಂಭೀರವಾದ ಸಮೂಹಗಾನ ಬೇರೆ ಸೇರಿಸುತ್ತೆ. ಸೈಕಲ್ ಒರೆಸುವಾಗ ಇದ್ದ ಸಂಯಮ ಈ ಹಾಡಿನಲ್ಲಿ ಕಾಣಲಿಲ್ಲ.

ಎರಡನೆಯದು ನನಗೆ ಇನ್ನೂ ಮುಖ್ಯ. ಮೆಕ್ಯಾನಿಕ್ಕಿಗೆ ಕೊಟ್ಟ ಹೊತ್ತನ್ನ ಈ ಸಿನಿಮಾ ಆ ದಾರಿಯವರಿಗೆ ಕೊಟ್ಟಿಲ್ಲ. ಆ ಕಲ್ಲಿನ ಮೇಲೆ ಉಳಿದ 364 ದಿನ ಓಡಾಡುವವರು ಬೀಟ್ರೂಟಿನ ಜಾತಿಯ ಸಕ್ಕರೆ ಗೆಡ್ಡೆ ಬೆಳೆಯುವ ರೈತರು, ಒಂದು ಕಾಲಕ್ಕೆ ಕಲ್ಲಿದ್ದಲು ಗಣಿ ಕೆಲಸದವರು. ಈ ರೇಸಿನ ಹೆಸರುವಾಸಿ ಕಾಡುದಾರಿ ಆರೆನ್‌ಬರ್ಗ್. ಅದನ್ನ ತೋರಿಸಿಕೊಟ್ಟವರು ಝಾನ್ ಸ್ತಾಬ್ಲಿನ್‌ಸ್ಕಿ, 1962ರ ವಿಶ್ವ ಚಾಂಪಿಯನ್. ಅದಕ್ಕೂ ಮೊದಲು ಅದೇ ಕಾಡಿನ ಕೆಳಗಿನ ಗಣಿಯಲ್ಲಿ ದುಡಿದವರು. 1968ರಲ್ಲಿ ರೇಸು ಮೊದಲ ಸಲ ಅಲ್ಲಿ ಹಾಯಿತು. ಲೆತ್ ಚಿತ್ರೀಕರಿಸಿದ ವರ್ಷ ಆ ದಾರಿ ರೇಸಿನಲ್ಲಿರಲಿಲ್ಲ, ಸರಿ. ಆದರೆ ಇಂಥ ಕಥೆ ಆ ಸೀಮೆಯ ಪ್ರತಿ ದಾರಿಗೂ ಇರುತ್ತೆ. ಎಷ್ಟೋ ಊರಿನವರು ಕಲ್ಲಿನ ದಾರಿ ಇದ್ದರೆ ಹಿಂದುಳಿದವರು ಅನ್ನಿಸಿಕೊಳ್ಳುತ್ತೇವೆ ಅಂತ ಡಾಂಬರು ಹಾಕಿಸಿಕೊಂಡರು, ರೇಸಿನವರು ಕಲ್ಲು ಹುಡುಕಿಕೊಂಡು ಅಲೆದರು. ನಮಗೆ ಬೇಡವಾದ ಕಷ್ಟ ನಿಮಗೆ ಯಾಕಪ್ಪಾ ಇಷ್ಟ ಅಂತ ಒಬ್ಬ ರೈತ ಕ್ಯಾಮೆರಾ ಮುಂದೆ ಕೇಳಿದ್ದರೆ ಸಿನಿಮಾ ಇನ್ನೂ ಒಂದು ಮೆಟ್ಟಿಲು ಹತ್ತುತ್ತಿತ್ತು.

ಈ ತಕರಾರು ನನ್ನೊಳಗೆ ಹುಟ್ಟಿದ್ದಕ್ಕೆ ಕಾರಣ ನಮ್ಮ ಕಡೆಯ ರಸ್ತೆಗಳೇ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ನಾಲೆ ಪಕ್ಕದ ದಾರಿಗಳಿಗೆ ಬೆಂಗಳೂರು, ಮೈಸೂರಿನ ಸೈಕಲ್ ಗುಂಪುಗಳು ವಾರಾಂತ್ಯಕ್ಕೆ ಬರುತ್ತವೆ, ನಾನೂ ಹೋಗ್ತೀನಿ. ಸುಗ್ಗಿ ಕಾಲದಲ್ಲಿ ಅಲ್ಲಿ ರಸ್ತೆ ಮೇಲೇ ಹುರುಳಿ ಹರಡಿರುತ್ತಾರೆ. ಊರಲ್ಲಿ ಕಣ ಮಾಡೋರು ಕಮ್ಮಿಯಾದ್ರು, ಗಾಡಿಗಳ ಚಕ್ರವೇ ರೋಣಗಲ್ಲು. ಬಳ್ಳಿ ಚೈನಿಗೆ ಸುತ್ತಿಕೊಂಡರೆ ಲಕ್ಷ ರೂಪಾಯಿ ಸೈಕಲ್ಲೂ ನಿಲ್ಲಲೇಬೇಕು. ಒಮ್ಮೆ ನಮ್ಮ ಗುಂಪಿನವನೊಬ್ಬ, “ಅಜ್ಜಿ, ರೋಡಲ್ಲಿ ಹಿಂಗೆ ಹಾಕಿದ್ರೆ ನಾವು ಹೋಗೋದು ಹೆಂಗೆ?” ಅಂದ. ಅಜ್ಜಿ ಕೂತಲ್ಲಿಂದ ಏಳಲಿಲ್ಲ. “ಅದ್ರ ಮ್ಯಾಲೇ ಹೋಗಪ್ಪಾ, ನಾಕು ಕಾಳು ಉದುರ್ಲಿ” ಅಂತು. ಆಮೇಲೆ ಸೈಕಲ್ ಟೈರಿನ ದಪ್ಪ ನೋಡಿ, “ಇದ್ರಿಂದ ಏನೂ ಉದ್ರಾಕಿಲ್ಲ ಬುಡು” ಅಂದು ನಕ್ಕಿತು.

ಅಪಾಯ ಇದೆ, ಒಪ್ಪುತ್ತೀನಿ. ಬೈಕಿನವರು ಜಾರಿ ಬೀಳುತ್ತಾರೆ. ಆದರೆ ಅವತ್ತಿನ ಸವಾರಿಯ ವಿಡಿಯೊದಲ್ಲಿ ನದಿ ಬಂತು, ಕೋಟೆ ಬಂತು, ಕೊಕ್ಕರೆ ಬಂತು, ಹುರುಳಿ ಬರಲಿಲ್ಲ. ಇಡೀ ದಿನದಲ್ಲಿ ಆ ರಸ್ತೆ ಯಾತಕ್ಕಿದೆ ಅಂತ ನಮಗೆ ಹೇಳಿದವರು ಆ ಅಜ್ಜಿ ಒಬ್ಬರೇ. ಲೆತ್ ಆಗಿದ್ದರೆ ಅಜ್ಜಿಯ ನಗುವನ್ನ ಬಿಡುತ್ತಿರಲಿಲ್ಲ ಅಂತ ನಾನು ನಂಬುತ್ತೀನಿ. ಅಜ್ಜಿಯ ಲೆಕ್ಕಾಚಾರವನ್ನೂ ಕೇಳುತ್ತಿದ್ದರಾ, ಗೊತ್ತಿಲ್ಲ.

ಎರಡು ಗಂಟೆಗಿಂತ ಕಮ್ಮಿ ಅವಧಿಯ ಸಿನಿಮಾ. ರೇಸಿಂಗ್ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ನೋಡಬಹುದು, ಯಾರು ಗೆಲ್ಲುತ್ತಾರೆ ಅಂತ ನಾನು ಹೇಳಿಬಿಟ್ಟಿದ್ದರಿಂದ ಏನೂ ಕೆಡೋದಿಲ್ಲ. ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆ ಇರಲಿ, ಧೂಳು ಸರಿಯಾಗಿ ಕಾಣಬೇಕು. ನೋಡಿ ಮುಗಿದ ಮೇಲೆ ಬಾಲ್ಕನಿಯಲ್ಲಿ ನಿಂತಿರುವ ನಿಮ್ಮ ಸೈಕಲನ್ನ ಒಂದು ಸಲ ನೀವೇ ಒರೆಸಿ. ಸರ್ವೀಸಿಗೆ ಕೊಡೋದು ಇದ್ದೇ ಇದೆ.