ಅಥಣಿಯ ಮೆಟ್ಟು ಮತ್ತು ಕೂಡಿ ಕಲಿಯುವ ವಿದ್ಯೆ

ದುಡಿಮೆಯ ನೆಲೆಯಲ್ಲಿ ಪರಿಸರದ ಹಿತವನ್ನು ಕಾಯಬಲ್ಲ ಕೌಶಲವನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕೆಂಬುದು ಇಂದಿನ ಶಿಕ್ಷಣಚರ್ಚೆಯ ಮುಖ್ಯ ಮಾತುಗಳಲ್ಲೊಂದು. ‘ಸುಸ್ಥಿರತೆ’ ಎಂಬ ಶಬ್ದ ಪಠ್ಯಕ್ರಮಕ್ಕೂ ಬಂದಿದೆ. ಆದರೆ ಆ ವಿದ್ಯೆಯನ್ನು ಎಲ್ಲಿ, ಯಾರಿಂದ ಕಲಿಯತಕ್ಕದ್ದೆಂಬುದನ್ನು ನಾವು ಸಾಕಷ್ಟು ವಿವೇಚಿಸಿದಂತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿಸೀಮೆಯ ಒಂದು ಕಸುಬು ಈ ಪ್ರಶ್ನೆಗೆ ಬೆಳಕು ನೀಡುತ್ತದೆ. ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಮೆಟ್ಟುಗಳಲ್ಲಿ ಬಹಳಷ್ಟು ಸಿದ್ಧವಾಗುವುದು ಅಥಣಿ, ನಿಪ್ಪಾಣಿಗಳಂಥ ಕನ್ನಡ ನಾಡಿನ ಊರುಗಳಲ್ಲಿಯೇ.

ತೊಗಲಿನ ಹದ ಪುಸ್ತಕದಿಂದ ತಿಳಿಯುವಂಥದಲ್ಲ. ಸುಣ್ಣದಲ್ಲಿ ನೆನೆಸಿ ರೋಮ ತೆಗೆದ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸವನ್ನು ಅದರೊಳಗೆ ತುಂಬುವರು; ಸೋರಿದ ರಸವನ್ನು ಮತ್ತೆ ಸುರಿಯುವರು. ಹದ ಮಾಡಿದವನ ತಪ್ಪು ಕತ್ತರಿಸುವವನ ಕೈಗೆ ತಿಳಿಯುತ್ತದೆ; ಕತ್ತರಿಸಿದವನ ತಪ್ಪು ಪಟ್ಟಿ ಹೆಣೆಯುವವಳ ಬೆರಳಿಗೆ ತಿಳಿಯುತ್ತದೆ. ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿದ ಮೆಟ್ಟನ್ನು ಸವೆದಾಗ ಬಿಚ್ಚಿ ಸರಿಪಡಿಸಬಹುದು. ಬಾಳಿಕೆಯ ಈ ಅರಿವು ಒಬ್ಬನ ತಲೆಯಲ್ಲಿಲ್ಲ, ಹಲವು ಕೈಗಳ ನಡುವೆ ಇದೆ. ಆದುದರಿಂದ ಒಬ್ಬೊಬ್ಬರನ್ನೇ ಬೇರ್ಪಡಿಸಿ ಪ್ರಮಾಣಪತ್ರ ಕೊಡುವ ತರಬೇತಿ ಇದನ್ನು ಹಿಡಿಯಲಾರದು.

ಹಾಗೆಂದು ಪರಂಪರೆಯನ್ನು ವಿಮರ್ಶೆಯಿಲ್ಲದೆ ಹೊಗಳುವ ಲೇಖನಗಳನ್ನೂ ನಾವು ಒಪ್ಪಲಾರೆವು. ಕ್ರೋಮಿಯಂ ಬಳಸದ ಮಾತ್ರಕ್ಕೆ ಹದಗಾರಿಕೆ ನಿರ್ದೋಷವಾಗುವುದಿಲ್ಲ. ಅದಕ್ಕೆ ನೀರು ಬಹಳ ಬೇಕು, ಸುಣ್ಣದ ಕೊಳೆನೀರಿಗೂ ದಾರಿ ಬೇಕು. ಅದಕ್ಕಿಂತ ಹಿರಿದಾದ ದೋಷ ಸಮಾಜದ್ದು. ಮೆಟ್ಟನ್ನು ಮೆಚ್ಚಿದ ಊರು ಅದನ್ನು ಮಾಡಿದ ಸಮಗಾರ, ಢೋರರನ್ನು ದೂರವಿಟ್ಟಿತು. ಅವರ ವಿದ್ಯೆಯನ್ನು ವಿದ್ಯೆಯೆಂದು ಎಣಿಸಲಿಲ್ಲ. ಮನೆಯ ಹೆಂಗಸಿನ ಹೆಣಿಗೆಯಂತೂ ಲೆಕ್ಕಕ್ಕೇ ಬರಲಿಲ್ಲ.

ಈ ಕೊನೆಯ ದೋಷವನ್ನು ತಿದ್ದಲು ನಡೆದ ಪ್ರಯತ್ನವೊಂದು ಅಥಣಿಯಲ್ಲಿದೆ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಅಸೆಂಟ್ ಸಂಸ್ಥೆಯ ನೆರವಿನಿಂದ ಅಲ್ಲಿನ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು. ಮುಂದೆ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಒಕ್ಕೂಟ ರೂಪುಗೊಂಡಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಜ್ಞತೆಯೂ ಒದಗಿತು. ಅಳತೆಯ ಏಕರೂಪತೆ, ಹೊಸ ವಿನ್ಯಾಸ, ಪರದೇಶದ ಗಿರಾಕಿಗೆ ಹೇಳಿದ ಕಾಲಕ್ಕೆ ಮಾಲು ಕಳಿಸುವ ಶಿಸ್ತು—ಇವನ್ನು ಅವರು ಕೆಲಸ ಮಾಡುತ್ತಲೇ, ಕೂಡಿಯೇ ಕಲಿತರು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಹೊರಗಿನ ಜ್ಞಾನ ಒಳಗಿನ ಜ್ಞಾನವನ್ನು ತಳ್ಳಿಹಾಕಲಿಲ್ಲ. ಅದರ ಪಕ್ಕದಲ್ಲಿ ಕುಳಿತಿತು.

2019ರ ಹೊತ್ತಿಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ತಲಾ ನಾಲ್ಕು ಜಿಲ್ಲೆಗಳಿಗೆ ಈ ಮೆಟ್ಟಿನ ಭೌಗೋಳಿಕ ಸೂಚಕ ದೊರೆತಿತ್ತು. ಆದರೂ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಇದೇ ಮಾದರಿಯ ಮೆಟ್ಟುಗಳನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಟೀಕೆ ಎದ್ದ ಬಳಿಕ ಭಾರತದ ಪರಂಪರೆಯ ಋಣವನ್ನು ಒಪ್ಪಿಕೊಂಡಿತು. ಹೆಸರಿನ ಹಕ್ಕಿಗಾಗಿ ಎದ್ದ ಧ್ವನಿ ನ್ಯಾಯವಾದದ್ದೇ ಸರಿ. ಆದರೆ ಸೂಚಕವು ಹೆಸರನ್ನು ಕಾಯಬಲ್ಲುದೇ ಹೊರತು ಕಲಿಕೆಯನ್ನು ಕಾಯಲಾರದು. ಹದಗಾರನ ಮಗ ಕಸುಬು ಬಿಟ್ಟರೆ ಸೂಚಕ ಯಾರಿಗೆ?

ಹೀಗಿರುವಾಗ ಈ ಐದು ತಾಲ್ಲೂಕುಗಳ ಕಾಲೇಜುಗಳ ಹೊಣೆ ಸ್ಪಷ್ಟವಾಗಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಹದದ ಕೊಳೆನೀರನ್ನು ಪರೀಕ್ಷಿಸಲಿ. ವಾಣಿಜ್ಯದವನು ಹೆಣೆಯುವವಳ ಕೂಲಿಯ ಲೆಕ್ಕ ಬರೆಯಲಿ. ಕನ್ನಡದವನು ಕಸುಬಿನ ಪದಗಳನ್ನು ಸಂಗ್ರಹಿಸಲಿ. ಕಲಿಸಿದ ಕುಶಲಕರ್ಮಿಗೆ ಉಪನ್ಯಾಸಕರಿಗೆ ಸಲ್ಲುವಂತೆಯೇ ಗೌರವಧನ ಸಲ್ಲಲಿ. ಇಷ್ಟಾಗದೆ ಸುಸ್ಥಿರತೆಯ ಪಾಠವನ್ನು ನಾವು ಕಲಿಸಿದೆವೆಂದು ಹೇಳಿಕೊಳ್ಳುವುದು ಉಚಿತವಲ್ಲ.