ಚಿಟ್ಟೆಗೆ ಪಟ್ಟ, ಬಳ್ಳಿಗೆ ಕತ್ತಿ

ಕಡೂರು ಸೀಮೆಯಲ್ಲಿ ನೀಲಕಂಠ ನೋಡಲು ದುರ್ಬೀನು ಬೇಕಿಲ್ಲ, ಬಸ್ಸಿನ ಕಿಟಕಿ ಸಾಕು. ಕರೆಂಟು ತಂತಿಯ ಮೇಲೆ ಕೂತಿರುತ್ತದೆ, ನಮ್ಮ ರಾಜ್ಯಪಕ್ಷಿ. ರಾಜ್ಯಚಿಟ್ಟೆ ಅಷ್ಟು ಸಲೀಸಾಗಿ ದರ್ಶನ ಕೊಡುವುದಿಲ್ಲ. ಅದಕ್ಕೆ ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿಯ ದಾರಿ ಹತ್ತಬೇಕು. ಮಳೆ ಹೊಳವಾಗಿ ಬಿಸಿಲು ಬಿದ್ದ ಬೆಳಿಗ್ಗೆ ಮರಗಳ ನೆತ್ತಿಯಲ್ಲಿ ಹಳದಿಯೊಂದು ತೇಲಿ ಹೋದರೆ, ಹೊಸಬರು ಹಕ್ಕಿಯೆಂದೇ ತಿಳಿಯುತ್ತಾರೆ.

ಅದೇ ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್. ಗೇಣಿಗೆ ತುಸುವೇ ಕಮ್ಮಿ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊನ್ನಿನ ಹಳದಿ, ಕತ್ತಿನ ಬಳಿ ಕೆಂಪು. ಕನ್ನಡ ಬಾವುಟದ ಅರಿಶಿನ ಕುಂಕುಮ ಮೈಮೇಲೇ ಇದೆ. 1932ರಲ್ಲಿ ದಾಖಲಾದ 190 ಮಿಲಿಮೀಟರಿನ ಒಂದು ಚಿಟ್ಟೆಯಿಂದಾಗಿ ಇದು ದೇಶಕ್ಕೇ ದೊಡ್ಡದೆನಿಸಿಕೊಂಡಿತ್ತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಅಳತೆ ಕೊಟ್ಟು ಆ ಹಿರಿತನ ಕಸಿಯಿತು.

ರಾಜ್ಯಚಿಟ್ಟೆ ಆರಿಸುವ ಪರಿಪಾಠ ಶುರುವಾದದ್ದು ಮಹಾರಾಷ್ಟ್ರದಿಂದ. 2015ರಲ್ಲಿ ಅದು ಬ್ಲೂ ಮಾರ್ಮನ್ ಆರಿಸಿತು. ಆಮೇಲೆ ಕರ್ನಾಟಕ, ಕೇರಳ, ತಮಿಳುನಾಡು ಸಾಲುಗೂಡಿದವು. ಪಶ್ಚಿಮಘಟ್ಟ ಬಿಟ್ಟು ಹೋಗದ ಚಿಟ್ಟೆಯನ್ನು ನಾವು ಆರಿಸಿದ್ದು ಸರಿಯೇ. ತಕರಾರು ಬೇರೆ: ಪಟ್ಟ ಕಟ್ಟಿದ್ದು ರೆಕ್ಕೆಗೆ, ಮರೆತದ್ದು ಹುಳುವಿನ ಹೊಟ್ಟೆಯನ್ನು.

ಈ ಚಿಟ್ಟೆಯ ಹುಳುವಿಗೆ ಕಂಡ ಸೊಪ್ಪೆಲ್ಲ ಆಗದು. ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಎಲೆಯೇ ಬೇಕು. ಆ ಎಲೆಯಲ್ಲಿ ವಿಷವಿದೆ. ಹುಳು ಅದನ್ನು ತಿಂದು ಮೈಯಲ್ಲೇ ಕೂಡಿಡುತ್ತದೆ, ಚಿಟ್ಟೆಯಾದ ಮೇಲೂ ಅದೇ ಕಾಪು. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ತಂಟೆಗೆ ಬಾರದು. ಅವಸರವಿಲ್ಲದ ಆ ತೇಲಾಟದ ಗುಟ್ಟು ಇಷ್ಟೇ.

ಮೇವು ಉಳಿಯದೆ ಜೀವ ಉಳಿಯದೆಂಬುದನ್ನು ಅಜ್ಜಂಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಮೃತಮಹಲ್ ರಾಸು ಉಳಿಯಬೇಕಾದರೆ ಮೊದಲು ಅದು ಮೇಯುವ ಕಾವಲು ಉಳಿಯಬೇಕು, ಹುಲ್ಲಿಲ್ಲದೆ ತಳಿಯಿಲ್ಲ ಎಂಬುದು ಅವರು ಬಲ್ಲ ಮಾತು. ಚಿಟ್ಟೆಯ ಕಾವಲು ಈ ಬಳ್ಳಿ.

ಬಯಲಿಗೆ ರಾಜ್ಯಚಿಟ್ಟೆ ಇಳಿದು ಬರಲಿಕ್ಕಿಲ್ಲ. ಆದರೆ ಈಶ್ವರಿ ಬಳ್ಳಿ ಬಯಲಿನ ಬೇಲಿಯಲ್ಲೂ ಹಬ್ಬುತ್ತದೆ. ಅಲ್ಲಿ ಅದನ್ನು ನಂಬಿದ್ದು ಕ್ರಿಮ್ಸನ್ ರೋಸ್ ಚಿಟ್ಟೆ: ಕಪ್ಪು ರೆಕ್ಕೆ, ಕೆಂಪು ಮೈ, ಅದೇ ವಿಷದ ಕಾಪು. ಘಟ್ಟದ ದೊರೆಗೂ ಬಯಲಿನ ಬಂಟನಿಗೂ ಊಟ ಒಂದೇ ಪಂಕ್ತಿಯಲ್ಲಿ.

ಬೇಲಿ ಸವರುವ ದಿನ ಕತ್ತಿ ಎತ್ತುವ ಮುನ್ನ ಬಳ್ಳಿಯ ಎಲೆಯನ್ನೊಮ್ಮೆ ಮಗುಚಿ ನೋಡಿ. ಅಡಿಯಲ್ಲಿ ಮೊಟ್ಟೆಯಿದ್ದರೆ ಅಷ್ಟು ಬೇಲಿ ಬಿಟ್ಟುಬಿಡಿ.